ದೇವರು ವರ ಕೊಟ್ರೂ ಊರಿನ ಕೌನ್ಸಿಲ್ ಕೊಡ್ಬೇಕಲ್ಲ

ಬೇಲಿಯಿಂದ ನಾಲ್ಕಡಿ. ಟೇಪಿನ ಒಂದು ತುದಿ ಅಮ್ಮ ಹಿಡ್ಕೊಂಡಿದ್ರು, ಇನ್ನೊಂದು ತುದಿ ನನ್ನ ಕೈಲಿತ್ತು, ಹಿತ್ತಲಲ್ಲಿ ನಿಂಬೆ ಗಿಡದ ಪಕ್ಕ ಎರಡು ಗೂಟ ಹೊಡೆದು ದಾರ ಕಟ್ಟಿ ನಿಂತಿದ್ವಿ. ದಾರದಿಂದ ಆಚೆ ಬೇಲಿವರೆಗೂ ಖಾಲಿ ಬಿಡಬೇಕಮ್ಮಾ, ಈಚೆ ಕಡೆ ನಿಮ್ಮ ರೂಮು ಬರತ್ತೆ ಅಂದೆ. ಅಮ್ಮ ಒಂದ್ಸಲ ದಾರ ನೋಡಿದ್ರು, ಒಂದ್ಸಲ ಬೇಲಿ ನೋಡಿದ್ರು. "ಅಲ್ಲ ಕಣೇ, ಜಾಗ ನಿಮ್ದು, ದುಡ್ಡು ನಿಮ್ದು, ನಾಲ್ಕಡಿ ಬಿಡು ಅಂತ ಹೇಳಿದ್ಯಾರು?" ಅಂದ್ರು. ಹೇಳಿದ್ದು ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು, ಅದೂ ನಮ್ಮ ಪರವಾಗಿ. ಔಟ್‌ಹೌಸ್ ಕಟ್ಟೋರ ಹತ್ರ ಪಕ್ಕಕ್ಕೂ ಹಿಂದಕ್ಕೂ ನಾಲ್ಕಡಿಗಿಂತ ಜಾಸ್ತಿ ಬಿಡಿಸೋ ಹಂಗಿಲ್ಲ ಅಂತ ಊರುಗಳ ಕೈ ಕಟ್ಟಿ ಹಾಕಿರೋ ಕಾನೂನು. ಅಮ್ಮಂಗೆ ಇದನ್ನ ಹೇಳಿ ಮುಗಿಸೋ ಹೊತ್ತಿಗೆ ಕತ್ತಲಾಗಿತ್ತು. ಆಮೇಲೆ ಹತ್ತಿರ ಹತ್ತಿರ ಒಂದೂವರೆ ವರ್ಷ ಆ ನಾಲ್ಕಡಿ ಹಿಂದೆ ಓಡಾಡಿದ ಮೇಲೆ ನನಗೆ ಏನು ಅರ್ಥ ಆಯ್ತೋ ಅದನ್ನ ಬರೀಬೇಕು ಅಂತ ಬಹಳ ದಿನದಿಂದ ಅನ್ಕೊಂಡಿದ್ದೆ.

ಈ ದೇಶದಲ್ಲಿ ಯಾವ ಬೀದೀಲಿ ಏನು ಕಟ್ಟಬಹುದು ಅನ್ನೋದು ಮೊದಲಿಂದ್ಲೂ ಊರಿನ ಕೈಲಿರೋ ಅಧಿಕಾರ. ಒಂದು ಸೈಟಿಗೆ ಒಂದೇ ಮನೆ, ಒಂದೇ ಸಂಸಾರ ಅನ್ನೋ ಝೋನಿಂಗ್ ನಿಯಮ ಬರ್ಕ್‌ಲಿ ಊರಲ್ಲಿ ಬಂದಿದ್ದು 1916ರಲ್ಲಿ. ಮಾರನೇ ವರ್ಷ, 1917ರಲ್ಲಿ, ಜನರ ಮೈಬಣ್ಣ ನೋಡಿ ಬೀದಿ ಹಂಚೋ ಝೋನಿಂಗ್ ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳ್ತು, 1926ರಲ್ಲಿ ಒಹಾಯೋದ ಯೂಕ್ಲಿಡ್ ಅನ್ನೋ ಹಳ್ಳಿ ಕೇಸಲ್ಲಿ ಅದೇ ಕೋರ್ಟು ಝೋನಿಂಗ್ ಅನ್ನೋದು ಸರಿ ಅಂತ ಒಪ್ಕೊಂಡ್ತು. ಬಣ್ಣದ ಹೆಸರಲ್ಲಿ ತಡೆಯಕ್ಕಾಗದೆ ಇದ್ದಿದ್ದನ್ನ ಸೈಟಿನ ಅಳತೆ, ಮನೆಗಳ ಸಂಖ್ಯೆ ಹೆಸರಲ್ಲಿ ತಡೀಬಹುದು ಅಂತ ಎಷ್ಟೋ ಊರುಗಳಿಗೆ ಗೊತ್ತಾಗಿದ್ದು ಆವಾಗ್ಲೇ. ಇದನ್ನ ಹೇಳಲೇಬೇಕಾಯ್ತು, ಯಾಕಂದ್ರೆ ಅಡಿ ಲೆಕ್ಕ ಅಂದ್ರೆ ಬರೀ ಎಂಜಿನಿಯರಿಂಗ್ ಅನ್ಕೊಂಡು ನಾನೂ ಮೊದಲು ಸುಮ್ನಿದ್ದೆ. ಆ ಬರ್ಕ್‌ಲಿ ಕೌನ್ಸಿಲ್ಲೇ 2021ರಲ್ಲಿ ಈ ಒಂದೇ ಮನೆ ಝೋನಿಂಗ್ ಕೈಬಿಡಬೇಕು ಅಂತ ನಿರ್ಣಯ ಮಾಡ್ತು.

ರಾಜ್ಯ ಸುಮ್ನಿತ್ತು ಅಂತಲ್ಲ. ಪ್ರತಿ ಊರೂ ಮುಂದೆ ಬರೋ ಜನಕ್ಕೆ ಮನೆ ಎಲ್ಲಿ ಕಟ್ತೀವಿ ಅಂತ ಪ್ಲಾನ್ ಬರೀಬೇಕು ಅನ್ನೋ ನಿಯಮ 1969ರಿಂದ ಇದೆ, ಅದಕ್ಕೆ ಹೌಸಿಂಗ್ ಎಲಿಮೆಂಟ್ ಅಂತಾರೆ. ಎಂಟು ವರ್ಷಕ್ಕೊಂದ್ಸಲ ರಾಜ್ಯ ಒಂದು ಲೆಕ್ಕ ಕೊಡತ್ತೆ, ನಿಮ್ಮ ಭಾಗಕ್ಕೆ ಇಷ್ಟು ಸಾವಿರ ಮನೆ ಅಂತ. ಈಗ ನಡೀತಿರೋ ಸುತ್ತಲ್ಲಿ ಇಡೀ ರಾಜ್ಯಕ್ಕೆ ಸುಮಾರು 25 ಲಕ್ಷ ಮನೆ, ಅದರಲ್ಲಿ ನಾವಿರೋ ಬೇ ಏರಿಯಾ ಪಾಲು 4,41,176. ಲಾಸ್ ಏಂಜಲೀಸ್ ಸುತ್ತಮುತ್ತ ಆರು ಕೌಂಟಿಗಳಿಗೆ 13 ಲಕ್ಷದ ಮೇಲೆ. ಬಹಳ ವರ್ಷ ಊರುಗಳು ಈ ಲೆಕ್ಕಾನ ಕಾಗದದ ಮೇಲೆ ತುಂಬಿಸಿ ಕಳಿಸ್ತಿದ್ವು, ಇನ್ನೂ ನಡೀತಿರೋ ಅಂಗಡಿ ಸಾಲನ್ನ, ಮಾಲೀಕ ಯಾವತ್ತೂ ಮಾರಲ್ಲ ಅಂತಿರೋ ಪಾರ್ಕಿಂಗ್ ಜಾಗಾನ ತೋರ್ಸಿ ಇಲ್ಲಿ ಮನೆ ಬರತ್ತೆ ಅಂತ ಬರೆದು ಕೊಟ್ರೆ ಆಗ್ತಿತ್ತು, ಕಟ್ಟಿದ್ರಾ ಇಲ್ವಾ ಅಂತ ತಿರುಗಿ ಕೇಳೋರು ಇರ್ಲಿಲ್ಲ.

ಔಟ್‌ಹೌಸಿನ ಕಥೆ ನೋಡಿದ್ರೆ ಇದು ಚೆನ್ನಾಗಿ ಗೊತ್ತಾಗತ್ತೆ. ಇಲ್ಲಿ ಅದಕ್ಕೆ ಎಡಿಯು ಅಂತಾರೆ, ಮನೆ ಹಿಂದೆ ಇನ್ನೊಂದು ಸಣ್ಣ ಮನೆ. ಇದಕ್ಕೆ ಅವಕಾಶ ಕೊಡಿ ಅಂತ ರಾಜ್ಯ ಹೇಳಿದ್ದು 1982ರಲ್ಲೇ. ಆದ್ರೆ ಊರುಗಳು ಕೊಡಲ್ಲ ಅಂತ ಬಾಯಿಬಿಟ್ಟು ಹೇಳ್ಲಿಲ್ಲ, ಸೈಟು ಇಷ್ಟು ದೊಡ್ಡದಿರಬೇಕು, ಇನ್ನೊಂದು ಕಾರಿಗೆ ಜಾಗ ಬೇಕು, ನೀರು ಚರಂಡಿ ಕನೆಕ್ಷನ್ನಿಗೆ ಹೊಸ ಮನೆಯಷ್ಟೇ ಫೀಸು ಕಟ್ಟಬೇಕು ಅಂತ ಒಂದೊಂದೇ ಷರತ್ತು ಹಾಕ್ತಾ ಹೋದ್ವು. ದೇವರು ವರ ಕೊಟ್ರೂ ಪೂಜಾರಿ ಕೊಡ್ಬೇಕಲ್ಲ ಅಂತಾರಲ್ಲ, ಹಂಗೇ ಆಯ್ತು. ಮೂವತ್ತು ಚಿಲ್ಲರೆ ವರ್ಷ ಆ ಕಾನೂನು ಪುಸ್ತಕದಲ್ಲೇ ಉಳೀತು. 2016ರಲ್ಲಿ, ಆಮೇಲೆ 2019ರಲ್ಲಿ, ಶಾಸಕರು ಕೂತು ಆ ಷರತ್ತುಗಳನ್ನ ಒಂದೊಂದಾಗಿ ಕಿತ್ತು ಹಾಕಿದ್ರು. 800 ಚದರಡಿವರೆಗೆ ಯಾವ ನಿಯಮ ಹೇಳಿನೂ ತಡೆಯೋ ಹಂಗಿಲ್ಲ, ಎತ್ತರ 16 ಅಡಿವರೆಗೂ ಕಟ್ಟೋಕೆ ಬಿಡಲೇಬೇಕು, ಸೆಟ್‌ಬ್ಯಾಕ್, ಅಂದ್ರೆ ಬೇಲಿಯಿಂದ ಖಾಲಿ ಬಿಡೋ ಜಾಗ, ನಾಲ್ಕಡಿ ಸಾಕು, 750 ಚದರಡಿಗಿಂತ ಚಿಕ್ಕದಾದ್ರೆ ಹೊಸ ಮನೆಯಿಂದ ಊರಿಗೆ ಬೀಳೋ ಖರ್ಚಿಗೆ ಅಂತ ಹಾಕೋ ಇಂಪ್ಯಾಕ್ಟ್ ಫೀಸ್ ಇಲ್ಲ, ಅರ್ಜಿ ಪೂರ್ತಿ ಆದ 60 ದಿನದೊಳಗೆ ಉತ್ತರ ಕೊಡಬೇಕು. 2016ರಲ್ಲಿ ರಾಜ್ಯಕ್ಕೆಲ್ಲ ಸೇರಿ ಸಾವಿರದ ಚಿಲ್ಲರೆ ಇದ್ದ ಪರ್ಮಿಟ್ಟು 2022ರ ಹೊತ್ತಿಗೆ ವರ್ಷಕ್ಕೆ 20 ಸಾವಿರ ದಾಟ್ತು.

ಅರ್ಜಿ ಪೂರ್ತಿ ಆದ 60 ದಿನ ಅಂದೆನಲ್ಲ, ನಮ್ಮ ಒಂದೂವರೆ ವರ್ಷ ಆ "ಪೂರ್ತಿ ಆದ" ಅನ್ನೋ ಎರಡು ಪದದಲ್ಲೇ ಕಳೆದುಹೋಯ್ತು. 2021ರ ಬೇಸಿಗೇಲಿ ಪ್ಲಾನ್ ಕೊಟ್ವಿ. ಐವತ್ತು ದಿನ ಆದ್ಮೇಲೆ ಒಂದು ಕಾಗದ ಬಂತು, ನಿಮ್ಮ ಅರ್ಜಿ ಪೂರ್ತಿ ಆಗಿಲ್ಲ, ಹಿತ್ತಲಲ್ಲಿರೋ ಓಕ್ ಮರಕ್ಕೆ ಆರ್ಬರಿಸ್ಟ್ ರಿಪೋರ್ಟ್ ಬೇಕು ಅಂತ. ಮರದ ಡಾಕ್ಟರನ್ನ ಕರೆಸಿ ಬುಡದ ಸುತ್ತಳತೆ ತೆಗೆಸಿ ರಿಪೋರ್ಟ್ ಕೊಟ್ವಿ. ಮತ್ತೆ ಕಾದ್ವಿ. ಎರಡನೇ ಕಾಗದ ಬಂತು, ಪಕ್ಕದ ಮನೆ ಕಡೆ ಇರೋ ಕಿಟಕಿ ನೆಲದಿಂದ ಎಷ್ಟೆತ್ತರದಲ್ಲಿ ಶುರುವಾಗತ್ತೆ ಅಂತ ಬರೆದಿಲ್ಲ. ಬರೆದು ಕೊಟ್ವಿ. ಮೂರನೇದು ಬಂತು, ಛಾವಣಿ ನೀರು ಎಲ್ಲಿ ಹೋಗತ್ತೆ ತೋರ್ಸಿ. ಪ್ಲಾನಿನ ಹಾಳೆ ಮೇಲೆ ಕೆಂಪು ಗೆರೆ, ಕೆಂಪು ಮೋಡದ ಥರ ಸುತ್ತು, ಪಕ್ಕದಲ್ಲಿ ನಂಬರು. ಅಮ್ಮ ಆ ಹಾಳೆ ಊಟದ ಟೇಬಲ್ ಮೇಲೆ ಹಾಸ್ಕೊಂಡು ಕನ್ನಡಕ ಹಾಕ್ಕೊಂಡು ನೋಡಿ, "ಮೂರೂ ಒಂದೇ ಸಲ ಕೇಳಿದ್ರೆ ಅವರಿಗೇನಾಗ್ತಿತ್ತು?" ಅಂದ್ರು. ನನ್ನ ಪ್ರಶ್ನೆನೂ ಅದೇ ಆಗಿತ್ತು. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಒಳ್ಳೆಯವಳೇ, ನಗನಗ್ತಾ ಮಾತಾಡ್ಸಿದ್ಲು, ಪಾಪ ಅವಳ ಕೈಲೇನೂ ಇರ್ಲಿಲ್ಲ. ತಪ್ಪು ಅವಳದ್ದಲ್ಲ, ಒಂದ್ಸಲಕ್ಕೆ ಒಂದೇ ಕೇಳೋ ಹಂಗೆ ಇಟ್ಟಿರೋ ಪದ್ಧತೀದು.

ಅದೇ ಪ್ರಶ್ನೆ ನಮ್ಮ ಥರದ ಸಾವಿರಾರು ಜನ ಕೇಳಿರಬೇಕು. 2023ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡೀಲಿ ಬಂತು ನೋಡಿ, ಎಡಿಯು ಅರ್ಜಿ ತಿರಸ್ಕರಿಸೋದಾದ್ರೆ ಏನೇನು ಸರಿಯಿಲ್ಲ, ಹೆಂಗೆ ಸರಿ ಮಾಡಬೇಕು ಅನ್ನೋ ಪೂರ್ತಿ ಪಟ್ಟಿ ಒಟ್ಟಿಗೇ ಕೊಡಬೇಕು ಅಂತ. ಅಷ್ಟೊತ್ತಿಗೆ ನಮ್ಮ ಪರ್ಮಿಟ್ ಬಂದಿತ್ತು, ನಮಗೆ ಪ್ರಯೋಜನ ಆಗ್ಲಿಲ್ಲ, ಆದ್ರೂ ಓದಿದಾಗ ಮನಸ್ಸಿಗೆ ಎಷ್ಟು ಸಮಾಧಾನ ಆಯ್ತು ಅಂತ ಹೇಳಕ್ಕಾಗಲ್ಲ. ಯಾರೋ ಎಲ್ಲೋ ಕೂತು ಇದನ್ನ ಗಮನಿಸಿದಾರೆ ಅಂತ. ಈ ರಾಜ್ಯದ ವಸತಿ ಕಾನೂನುಗಳೆಲ್ಲ ಬೆಳೆದಿರೋದೇ ಹಿಂಗೆ, ರಾಜ್ಯ ಚಾಪೆ ಕೆಳಗೆ ತೂರಿದ್ರೆ ಊರು ರಂಗೋಲಿ ಕೆಳಗೆ ತೂರತ್ತೆ, ಮಾರನೇ ವರ್ಷ ಶಾಸಕರು ಆ ರಂಗೋಲಿ ಅಳಿಸೋ ತಿದ್ದುಪಡಿ ತರ್ತಾರೆ.

ನಮ್ಮ ಪ್ಲಾನ್ ಇನ್ನೂ ಕೌಂಟರಲ್ಲಿ ಇದ್ದಾಗ್ಲೇ ಎಸ್‌ಬಿ 9, ಅಂದ್ರೆ ಸೆನೆಟ್ ಬಿಲ್ 9 ಅನ್ನೋ ರಾಜ್ಯದ ಹೊಸ ಕಾನೂನು ಬಂತು. 2021ರ ಸೆಪ್ಟೆಂಬರ್ 16ಕ್ಕೆ ಗವರ್ನರ್ ನ್ಯೂಸಮ್ ಸಹಿ ಹಾಕಿದ್ರು, ಅದಕ್ಕೆ ಎರಡು ದಿನ ಮುಂಚೆ ಅಷ್ಟೇ ಅವರನ್ನ ಇಳಿಸಬೇಕು ಅನ್ನೋ ರೀಕಾಲ್ ಚುನಾವಣೇಲಿ ಗೆದ್ದಿದ್ರು. ಒಂದೇ ಮನೆ ಝೋನಿನ ಸೈಟಲ್ಲಿ ಎರಡು ಮನೆ ಕಟ್ಟಬಹುದು, ಬೇಕಾದ್ರೆ ಸೈಟನ್ನೇ ಎರಡು ಮಾಡಬಹುದು, ಒಂದೊಂದ್ರಲ್ಲಿ ಎರಡೆರಡು, ಒಟ್ಟು ನಾಲ್ಕು. ಭಾಗ ಮಾಡಿದ ಸೈಟು 1,200 ಚದರಡಿಗಿಂತ ಕಮ್ಮಿ ಇರಬಾರದು, ಭಾಗ ಮಾಡೋ ಮಾಲೀಕ ಮೂರು ವರ್ಷ ಅಲ್ಲೇ ಇರ್ತೀನಿ ಅಂತ ಅಫಿಡವಿಟ್ ಕೊಡಬೇಕು. ಮುಖ್ಯವಾದ ಮಾತು ಅಂದ್ರೆ ಇದಕ್ಕೆ ಹಿಯರಿಂಗ್ ಇಲ್ಲ, ಅಕ್ಕಪಕ್ಕದವರ ಅಭಿಪ್ರಾಯ ಇಲ್ಲ, ನಿಯಮಕ್ಕೆ ಹೊಂದಿದ್ರೆ ಕೌಂಟರಿನಲ್ಲೇ ಸೀಲ್ ಒತ್ತಬೇಕು. ಊರು ಏನಾದ್ರೂ ನಿಯಮ ಹಾಕೋದಾದ್ರೆ ಅದು ಅಳತೆಗೆ ಸಿಗೋ ನಿಯಮ ಆಗಿರಬೇಕು. ಬೀದಿಯ ಲಕ್ಷಣಕ್ಕೆ ಹೊಂದಲ್ಲ, ನೋಡಕ್ಕೆ ಚೆನ್ನಾಗಿಲ್ಲ ಅನ್ನೋ ಮಾತು ನಡೆಯಲ್ಲ.

ಅಳತೆಗೆ ಸಿಗೋ ನಿಯಮ ಅಂದ ತಕ್ಷಣ ಊರುಗಳ ವಕೀಲರು ಅಳತೆ ಬರೆಯೋಕೆ ಕೂತ್ಕೊಂಡ್ರು. ಕಾನೂನು ಜಾರಿಗೆ ಬರೋದು 2022ರ ಜನವರಿ 1ಕ್ಕೆ, ಅದಕ್ಕೆ ಮುಂಚೆ ಡಿಸೆಂಬರಲ್ಲಿ ಊರೂರಲ್ಲೂ ಅರ್ಜೆನ್ಸಿ ಆರ್ಡಿನೆನ್ಸ್, ಅಂದ್ರೆ ಐದರಲ್ಲಿ ನಾಲ್ಕು ವೋಟು ಬಿದ್ರೆ ಅವತ್ತಿಂದಾನೇ ಜಾರಿ ಆಗೋ ನಿಯಮ. ನಮ್ಮೂರಲ್ಲೂ ಒಂದು ಬಂತು. ಆ ಮೀಟಿಂಗಿಗೆ ನಾನು ಜೂಮಲ್ಲಿ ಕೂತಿದ್ದೆ, ಸಂಜೆ ಏಳಕ್ಕೆ ಶುರುವಾಗಿದ್ದು ನಮ್ಮ ವಿಷಯ ಬರೋಷ್ಟರಲ್ಲಿ ರಾತ್ರಿ ಹನ್ನೊಂದು. ಮಕ್ಕಳು ಮಲಗಿದ್ರು, ಅಮ್ಮ ಮಾತ್ರ ಪಕ್ಕದಲ್ಲಿ ಶಾಲು ಹೊದ್ದು ಕೂತಿದ್ರು.

ಪಕ್ಕದ್ಮನೆ ಅಜ್ಜ ಮಾತಾಡಿದ್ರು. ನಮಗೆ ಏಣಿ ಬೇಕಾದಾಗ ಕೊಡೋರು, ನಮ್ಮ ಮಕ್ಕಳಿಗೆ ಟೊಮೆಟೊ ಸಸಿ ನೆಡೋದು ಹೇಳಿಕೊಟ್ಟೋರು. ನಾನು ಎಪ್ಪತ್ತರ ದಶಕದಲ್ಲಿ ಈ ಮನೆ ತಗೊಂಡೆ, ಹಿಂದಿನ ಮನೆಯವರು ಎರಡಂತಸ್ತು ಕಟ್ಟಿದ್ರೆ ನನ್ನ ತೋಟಕ್ಕೆ ಬಿಸಿಲು ಬರಲ್ಲ, ಇದನ್ನ ಯಾರ ಹತ್ರ ಹೇಳ್ಕೊಳ್ಳಿ, ಹೇಳ್ಕೊಳ್ಳೋಕೆ ಇದ್ದಿದ್ದು ನೀವೊಬ್ರು, ಈಗ ನಿಮ್ಮ ಕೈಲೂ ಇಲ್ಲ ಅಂತ ರಾಜ್ಯ ಹೇಳತ್ತೆ ಅಂದ್ರು. ಧ್ವನಿ ನಡುಗ್ತಿತ್ತು. ಅವರಾದ್ಮೇಲೆ ಒಬ್ಬ ಟೀಚರ್. ನಮ್ಮೂರ ಸ್ಕೂಲಲ್ಲೇ ಪಾಠ ಮಾಡೋದು, ಮನೆ ಮಾತ್ರ ಬೆಟ್ಟದಾಚೆ ಸೆಂಟ್ರಲ್ ವ್ಯಾಲೀಲಿ, ಬೆಳಿಗ್ಗೆ ನಾಲ್ಕೂವರೆಗೆ ಕಾರು ತೆಗೀತಾರಂತೆ. ನಿಮ್ಮ ಮಕ್ಕಳು ಏಳೋ ಹೊತ್ತಿಗೆ ನಾನು ಎರಡು ಗಂಟೆ ಡ್ರೈವ್ ಮಾಡಿರ್ತೀನಿ, ನನ್ನ ಮಗು ಏಳೋದನ್ನ ನಾನು ನೋಡೋದು ಶನಿವಾರ ಭಾನುವಾರ ಮಾತ್ರ ಅಂದ್ರು. ಪರದೆ ಮೂಲೇಲಿ ಎರಡು ನಿಮಿಷದ ಗಡಿಯಾರ ಸೊನ್ನೆಗೆ ಬಂತು, ಅವರ ಮಾತು ಅರ್ಧಕ್ಕೆ ಕಟ್ಟಾಯ್ತು. ಅಮ್ಮಂಗೆ ಇಂಗ್ಲಿಷ್ ಪೂರ್ತಿ ಅರ್ಥ ಆಗಲ್ಲ, ಆದ್ರೂ "ಆ ಹುಡುಗಿ ಏನೋ ಹೇಳ್ತಿತ್ತಲ್ಲ, ಯಾಕೆ ನಿಲ್ಲಿಸಿಬಿಟ್ರು" ಅಂದ್ರು.

ಅಜ್ಜನ ಮೇಲೆ ನನಗೆ ಕೋಪ ಇಲ್ಲ. ಅವರ ಬಿಸಿಲಿನ ಮಾತು ನಿಜ. ಆದ್ರೆ ಆ ಮೀಟಿಂಗಿಗೆ ಬರಕ್ಕಾಗೋದು ಈಗಾಗ್ಲೇ ಊರೊಳಗೆ ಇರೋರಿಗೆ. ಮನೆ ಸಿಗದೆ ದೂರ ಹೋದವರು ಆ ಊರಿನ ವೋಟರೇ ಅಲ್ಲ, ಕೌನ್ಸಿಲಿಗೆ ಅವರ ಲೆಕ್ಕವೇ ಇಲ್ಲ. ಊರಿನವರನ್ನ ಮಾತ್ರ ಕೇಳಿ ಮಾಡೋ ನಿಯಮದಲ್ಲಿ ಊರಿಗೆ ಬರಬೇಕಾದವರ ಪರ ಯಾರೂ ಇರಲ್ಲ, ರಾಜ್ಯ ನಡುವೆ ಬರಬೇಕಾಗಿದ್ದು ಅದಕ್ಕೇ ಅಂತ ನನಗೆ ಗಟ್ಟಿಯಾಗಿ ಅನ್ಸಿದ್ದು ಆವತ್ತು ರಾತ್ರಿ.

ಆರ್ಡಿನೆನ್ಸ್ ಐದಕ್ಕೆ ಐದು ವೋಟಲ್ಲಿ ಪಾಸಾಯ್ತು. ಓದಿದ್ರೆ ಎಲ್ಲ ಸರಿಯಾಗೇ ಇದೆ ಅನ್ಸತ್ತೆ, ಎಸ್‌ಬಿ 9 ಅನ್ನ ನಮ್ಮ ಊರು ಪಾಲಿಸತ್ತೆ ಅಂತಾನೇ ಶುರು. ಮಧ್ಯದಲ್ಲೆಲ್ಲೋ ಒಂದು ಸಾಲು, ಸೈಟು ಭಾಗ ಮಾಡಿದ್ರೆ ಹಿಂದಿನ ಸೈಟಿಗೆ ಬೀದಿಯಿಂದ ಹೋಗೋ ದಾರಿ 12 ಅಡಿ ಅಗಲ ಇರಬೇಕು. ಮಾರನೇ ದಿನ ಅದೇ ಟೇಪ್ ತಗೊಂಡು ನಮ್ಮನೆಯವರ ಜೊತೆ ಮುಂದೆ ಹೋಗಿ ಅಳೆದೆ. ನಮ್ಮ ಸೈಟಿನ ಅಗಲ 50 ಅಡಿ. ಮನೆ 38. ಗ್ಯಾರೇಜ್ ಕಡೆ ಐದಡಿ ಖಾಲಿ, ಇನ್ನೊಂದು ಕಡೆ ಏಳಡಿ. ಐದೂ ಏಳೂ ಕೂಡಿದ್ರೆ ಹನ್ನೆರಡು ಆಗತ್ತೆ ನಿಜ, ಆದ್ರೆ ಮನೇನ ಎತ್ತಿ ಪಕ್ಕಕ್ಕಿಡಕ್ಕಾಗತ್ತಾ? ನಮ್ಮ ಬೀದೀಲಿರೋ ಮನೆಗಳೆಲ್ಲ ಒಬ್ಬನೇ ಬಿಲ್ಡರು ಒಂದೇ ನಕ್ಷೇಲಿ ಕಟ್ಟಿದ್ದು, ಎಲ್ಲ ಸೈಟೂ 50, ಎಲ್ಲ ಮನೆನೂ 38. ಅಂದ್ರೆ ಆ ಒಂದು ಸಾಲು ನಮ್ಮ ಇಡೀ ಬೀದಿಗೆ, ಅದರ ಹಿಂದಿನ ಬೀದಿಗೆ, ಆ ಬಡಾವಣೆಗೇ ಎಸ್‌ಬಿ 9 ಇಲ್ಲ ಅಂತ ಹೇಳಿದ ಹಾಗಾಯ್ತು. ಎಲ್ಲೂ ಬೇಡ ಅನ್ನೋ ಪದಾನೇ ಇಲ್ಲ. ಹಾವೂ ಸತ್ತೋಯ್ತು, ಕೋಲೂ ಮುರೀಲಿಲ್ಲ.

ಬೇರೆ ಊರುಗಳಲ್ಲೂ ಇದೇ ಥರ. ಕೆಲವರು ಹೊಸ ಮನೆಗೆ ಡ್ರೈವ್‌ವೇ ಕೊಡಲ್ಲ, ಬೀದೀಲಿ ರಾತ್ರಿ ಕಾರು ನಿಲ್ಲಿಸೋ ಪರ್ಮಿಟ್ಟೂ ಕೊಡಲ್ಲ ಅಂದ್ರು, ಕೆಲವರು 30 ವರ್ಷ ಕಮ್ಮಿ ಬಾಡಿಗೆಗೇ ಕೊಡಬೇಕು ಅಂದ್ರು. ಕಮ್ಮಿ ಬಾಡಿಗೆ ಅಂದ್ರೆ ಕೇಳೋಕೆ ಒಳ್ಳೇದೇ, ಆದ್ರೆ ಸ್ವಂತ ಸಾಲ ಮಾಡಿ ಕಟ್ಟೋ ಒಬ್ಬ ಮನುಷ್ಯಂಗೆ ಬ್ಯಾಂಕು ಆ ಷರತ್ತಿನ ಮೇಲೆ ಸಾಲ ಕೊಡಲ್ಲ ಅನ್ನೋದು ಆ ನಿಯಮ ಬರೆದೋರಿಗೂ ಗೊತ್ತಿರತ್ತೆ. ಪಾಸಡೀನ ಹಳೇ ಪರಂಪರೆ ಬಡಾವಣೆಗಳ ಹೆಸರಲ್ಲಿ ದೊಡ್ಡ ದೊಡ್ಡ ಭಾಗ ಹೊರಗಿಡೋಕೆ ನೋಡ್ತು, 2022ರ ಮಾರ್ಚಲ್ಲಿ ರಾಜ್ಯದ ಅಟಾರ್ನಿ ಜನರಲ್ ರಾಬ್ ಬೊಂಟಾ ಇದು ನಡೆಯಲ್ಲ ಅಂತ ಆ ಊರಿಗೆ ಕಾಗದ ಬರೆದ್ರು. ಎಲ್ಲಕ್ಕಿಂತ ಜಾಸ್ತಿ ಸುದ್ದಿ ಆಗಿದ್ದು ವುಡ್‌ಸೈಡ್, ಐದು ಸಾವಿರ ಚಿಲ್ಲರೆ ಜನ ಇರೋ, ತುಂಬ ಶ್ರೀಮಂತರ ಊರು. ಅಪಾಯದಲ್ಲಿರೋ ಪ್ರಾಣಿಗಳ ನೆಲೆ ಇದ್ರೆ ಎಸ್‌ಬಿ 9 ಅನ್ವಯ ಆಗಲ್ಲ ಅಂತ ಕಾನೂನಲ್ಲಿ ಒಂದು ವಿನಾಯಿತಿ ಇದೆ, ಅದನ್ನ ಹಿಡ್ಕೊಂಡು ನಮ್ಮ ಇಡೀ ಊರೇ ಮೌಂಟನ್ ಲಯನ್ (ಪ್ಯೂಮಾ ಅನ್ನೋ ದೊಡ್ಡ ಕಾಡುಬೆಕ್ಕು) ಓಡಾಡೋ ಜಾಗ, ಅರ್ಜಿ ತಗೊಳ್ಳಲ್ಲ ಅಂತ 2022ರ ಜನವರಿ ಕೊನೇಲಿ ಹೇಳಿದ್ರು. ದೊಡ್ಡ ಬಂಗಲೆ ಕಟ್ಟೋಕೆ ಅಡ್ಡ ಬರದ ಮೌಂಟನ್ ಲಯನ್ ಎರಡು ಸಣ್ಣ ಮನೆ ಕಟ್ಟೋಕೆ ಹೆಂಗೆ ಅಡ್ಡ ಬರತ್ತೆ ಅಂತ ಜನ ಕೇಳಿದ್ರು. ಫೆಬ್ರವರಿ ಮೊದಲ ವಾರವೇ ಬೊಂಟಾ ಅವರ ಪತ್ರ ಬಂತು, ಊರು ಹಿಂದೆ ಸರೀತು.

ವುಡ್‌ಸೈಡ್ ಬಗ್ಗೆ ಎಲ್ರೂ ಮಾತಾಡಿದ್ರು, 12 ಅಡಿ ಬಗ್ಗೆ ಯಾರೂ ಮಾತಾಡ್ಲಿಲ್ಲ, ನನಗೆ ಸಂಕಟ ಆಗೋದು ಇದೇ. ಮೌಂಟನ್ ಲಯನ್ ಪೇಪರಲ್ಲಿ ಬರತ್ತೆ. ಸೈಡ್ ಸೆಟ್‌ಬ್ಯಾಕು, ದಾರಿ ಅಗಲ, ಕಿಟಕಿ ಎತ್ತರ ಪೇಪರಲ್ಲಿ ಬರಲ್ಲ, ಆದ್ರೆ ಮನೆ ನಿಂತುಹೋಗೋದು ಅಲ್ಲೇ. ಎಸ್‌ಬಿ 9ರಿಂದ ಸುಮಾರು 7 ಲಕ್ಷ ಮನೆ ಕಟ್ಟೋದು ಲೆಕ್ಕಕ್ಕೆ ಗಿಟ್ಟಬಹುದು ಅಂತ ಬರ್ಕ್‌ಲಿ ಯೂನಿವರ್ಸಿಟಿಯ ಟರ್ನರ್ ಸೆಂಟರ್ ಅಂದಾಜು ಮಾಡಿತ್ತು, ಮೊದಲನೇ ವರ್ಷ ಎಷ್ಟೋ ಊರುಗಳಲ್ಲಿ ಬಂದಿದ್ದು ಬೆರಳೆಣಿಕೆ ಅರ್ಜಿ.

ಮುಖಾಮುಖಿ ನಿಂತು ಆಗಲ್ಲ ಅಂದ ಊರುಗಳೂ ಇವೆ. ಹಂಟಿಂಗ್ಟನ್ ಬೀಚ್ ತನ್ನ ಪಾಲಿನ 13,368 ಮನೆಗೆ ಜಾಗ ತೋರ್ಸೋ ಹೌಸಿಂಗ್ ಎಲಿಮೆಂಟನ್ನೇ ಪಾಸ್ ಮಾಡಲ್ಲ ಅಂತು, 2023ರಲ್ಲಿ ರಾಜ್ಯ ಕೇಸ್ ಹಾಕ್ತು, 2024ರ ಮೇನಲ್ಲಿ ಕೋರ್ಟು ಊರು ಕಾನೂನು ಮುರಿದಿದೆ ಅಂತ ಹೇಳ್ತು. ಅವರ ವಾದ ನಾವು ಚಾರ್ಟರ್ ಸಿಟಿ, ಅಂದ್ರೆ ತಮ್ಮದೇ ಸಣ್ಣ ಸಂವಿಧಾನ ಇಟ್ಕೊಂಡಿರೋ ಊರು, ಊರೊಳಗಿನ ವಿಷಯಕ್ಕೆ ರಾಜ್ಯ ಕೈ ಹಾಕಬಾರದು ಅಂತ. ಈ ವಾದ ಅಲ್ಲಿ ಸೋತ್ರೂ ಇನ್ನೊಂದು ಕಡೆ ಗೆಲ್ತು. ರೆಡೊಂಡೋ ಬೀಚ್, ಕಾರ್ಸನ್, ಟಾರನ್ಸ್, ವಿಟಿಯರ್, ಡೆಲ್ ಮಾರ್ ಐದೂ ಸೇರಿ ಎಸ್‌ಬಿ 9 ವಿರುದ್ಧ ಹೋಗಿದ್ರು. 2024ರ ಏಪ್ರಿಲಲ್ಲಿ ಲಾಸ್ ಏಂಜಲೀಸ್ ಕೋರ್ಟು, ಕೈಗೆಟುಕೋ ಬೆಲೆಯ ಮನೆಗೋಸ್ಕರ ಈ ಕಾನೂನು ಅಂತ ಬರ್ಕೊಂಡಿದೀರ, ಆದ್ರೆ ಕಟ್ಟಿದ ಮನೆ ಕಮ್ಮಿ ಬೆಲೆಗೆ ಸಿಗತ್ತೆ ಅನ್ನೋದಕ್ಕೆ ಇದರಲ್ಲಿ ಏನೂ ಇಲ್ಲ, ಹಂಗಾಗಿ ಈ ಚಾರ್ಟರ್ ಊರುಗಳ ಮೇಲೆ ಹೇರಕ್ಕಾಗಲ್ಲ ಅಂತು. ಆ ಮಾತಲ್ಲಿ ಸತ್ಯ ಇದೆ, ಒಪ್ಕೋತೀನಿ. ರಾಜ್ಯ ಅದೇ ವರ್ಷ ಎಸ್‌ಬಿ 450 ತಂದು ಉದ್ದೇಶದ ಮಾತನ್ನೇ ತಿದ್ದಿ ಬರೀತು, ಎಸ್‌ಬಿ 9 ಅರ್ಜಿಗೂ 60 ದಿನದ ಗಡುವು ಹಾಕ್ತು, ಮಾಮೂಲಿ ಮನೆಗೆ ಇಲ್ಲದ ಬಿಗಿ ನಿಯಮಾನ ಈ ಮನೆಗಳಿಗೆ ಹಾಕಬಾರದು ಅಂತ ಸೇರಿಸ್ತು. ನಮ್ಮೂರ 12 ಅಡಿನೂ ಆಮೇಲೆ ಸದ್ದಿಲ್ಲದೆ ಕಮ್ಮಿಯಾಯ್ತು, ಅದಕ್ಕೆ ಮೂರು ವರ್ಷ ಹಿಡೀತು.

ಬಿಲ್ಡರ್ಸ್ ರೆಮಿಡಿ ಅಂತ ಇನ್ನೊಂದು ಅಸ್ತ್ರ ಇದೆ, 1990ರಿಂದ ಕಾನೂನಲ್ಲಿ ಸುಮ್ನೆ ಮಲಗಿತ್ತು. ಊರಿನ ಹೌಸಿಂಗ್ ಎಲಿಮೆಂಟ್ ಸರಿಯಿಲ್ಲ ಅಂದ್ರೆ, ಒಂದಷ್ಟು ಮನೆ ಕಮ್ಮಿ ಆದಾಯದವರಿಗೆ ಅಂತ ಇಟ್ಟು ಬಿಲ್ಡರ್ ಅರ್ಜಿ ಹಾಕಿದ್ರೆ, ಝೋನಿಂಗ್‌ಗೆ ಹೊಂದಲ್ಲ ಅನ್ನೋ ಕಾರಣ ಕೊಟ್ಟು ಊರು ಅದನ್ನ ತಳ್ಳಿಹಾಕೋ ಹಂಗಿಲ್ಲ. ಸಾಂಟಾ ಮೋನಿಕಾ ಊರಿನ ಪ್ಲಾನ್ ಒಪ್ಪಿಗೆಯಾಗದೆ ಉಳಿದಿದ್ದಾಗ, 2022ರಲ್ಲಿ, ನಾಲ್ಕು ಸಾವಿರಕ್ಕೂ ಜಾಸ್ತಿ ಮನೆಗಳ ಅರ್ಜಿ ಬಂದು ಬಿತ್ತು. ಪ್ಲಾನ್ ಬರೆಯದೆ ಇದ್ರೆ ಏನಾಗತ್ತೆ ಅನ್ನೋದು ಮಿಕ್ಕ ಊರುಗಳಿಗೆ ಅರ್ಥ ಆಗಿದ್ದು ಅದನ್ನ ನೋಡಿ. ಹೆದರಿಸಿ ಪ್ಲಾನ್ ಬರೆಸೋದು ನನಗೆ ಇಷ್ಟ ಇಲ್ಲ, ಎಲ್ಲಿ ಎತ್ತರ ಬೇಕು ಎಲ್ಲಿ ಬೇಡ ಅಂತ ಊರೇ ಯೋಚ್ನೆ ಮಾಡಿ ಬರೆದ ಪ್ಲಾನ್ ಯಾವಾಗ್ಲೂ ಮೇಲು. ಬರೆಯದೇ ಇದ್ರೆ ಬಿಲ್ಡರ್ ಬರೀತಾನೆ, ಅಷ್ಟೇ.

ಊರಿನವರ ಕಡೆಗೂ ನ್ಯಾಯವಾದ ಮಾತಿದೆ, ಅದನ್ನ ಬಿಟ್ಟು ಬರೆದ್ರೆ ನಾನು ಸುಳ್ಳು ಬರೆದ ಹಾಗೆ. 1978ರಲ್ಲಿ ಪ್ರಪೊಸಿಷನ್ 13 ಅನ್ನೋ, ಜನಾನೇ ವೋಟ್ ಹಾಕಿ ತಂದ ತೆರಿಗೆ ನಿಯಮ ಬಂದ ಮೇಲೆ ಆಸ್ತಿ ತೆರಿಗೆ ಕೊಂಡ ಬೆಲೆಯ ಶೇಕಡ 1ಕ್ಕೆ ನಿಂತಿದೆ, ಲೆಕ್ಕದ ಬೆಲೆ ವರ್ಷಕ್ಕೆ ಶೇಕಡ 2ಕ್ಕಿಂತ ಏರೋ ಹಂಗಿಲ್ಲ. ಹಂಗಾಗಿ ಊರಿಗೆ ಮನೆಗಿಂತ ಅಂಗಡಿ ಬಂದ್ರೆ ಲಾಭ, ಸೇಲ್ಸ್ ಟ್ಯಾಕ್ಸಲ್ಲಿ ಪಾಲು ಬರತ್ತೆ. ಹೊಸ ಮನೆ ಬಂದ್ರೆ ಚರಂಡಿ, ಪಾರ್ಕು, ಫೈರ್ ಸ್ಟೇಷನ್ ಖರ್ಚು ಊರಿನ ತಲೆ ಮೇಲೆ. ಮನೆ ಕಟ್ಟಿಸಿ ಅಂತ ಕಾನೂನು ಕಳಿಸೋ ರಾಜ್ಯ ಅದರ ಜೊತೆ ದುಡ್ಡು ಕಳಿಸಲ್ಲ, ಪ್ಲಾನಿಂಗ್ ಡೈರೆಕ್ಟರುಗಳು ಇದನ್ನ ಹೇಳಿ ಹೇಳಿ ಸುಸ್ತಾಗಿದಾರೆ. ಬೆಂಕಿ ಭಯ ಇನ್ನೊಂದು. ಒಂದೇ ಇಕ್ಕಟ್ಟು ರಸ್ತೆ ಇರೋ ಗುಡ್ಡದ ಊರಲ್ಲಿ ಮನೆ ಜಾಸ್ತಿ ಆದ್ರೆ ಬೆಂಕಿ ಬಿದ್ದಾಗ ಜನ ಇಳಿಯೋದು ಹೆಂಗೆ ಅಂತ ಕೇಳೋರನ್ನ ನೆಪ ಹೇಳ್ತಾರೆ ಅಂತ ನಾನೂ ಮುಂಚೆ ಅನ್ಕೊಂಡಿದ್ದೆ. 2025ರ ಜನವರೀಲಿ ಲಾಸ್ ಏಂಜಲೀಸಿನ ಪ್ಯಾಲಿಸೇಡ್ಸ್ ಬೆಂಕೀಲಿ ಜನ ರಸ್ತೆ ಮಧ್ಯದಲ್ಲೇ ಕಾರು ಬಿಟ್ಟು ಓಡಿದ್ದನ್ನ ಟೀವೀಲಿ ನೋಡಿದ ಮೇಲೆ ಹಂಗನ್ನಕ್ಕೆ ಬಾಯಿ ಬರಲ್ಲ. ಎಸ್‌ಬಿ 9ಕ್ಕೆ ಸಹಿ ಹಾಕಿದ್ದ ನ್ಯೂಸಮ್ಮೇ ಆ ವರ್ಷ ಜುಲೈನಲ್ಲಿ, ಸುಟ್ಟುಹೋದ ಆ ಭಾಗದಲ್ಲಿ ಅದನ್ನ ತಡೆಹಿಡಿಯೋಕೆ ಊರಿಗೆ ಅಧಿಕಾರ ಕೊಟ್ರು. ಎಲ್ಲಿ ಊರು ನಿಜವಾದ ಅಪಾಯ ತೋರಿಸತ್ತೋ ಅಲ್ಲಿ ರಾಜ್ಯ ಕೇಳಬೇಕು. ಅಂಥ ಗುಡ್ಡದ ಊರಿನ ಕಾರಣಾನ ನಮ್ಮ ಥರದ ಸಮತಟ್ಟು ಬಡಾವಣೇಲಿ ಕೂತು ಎರವಲು ತಗೊಳ್ಳೋದು ಬೇರೆ ವಿಷಯ.

ಇದು ಈ ರಾಜ್ಯದ್ದೊಂದೇ ಕಥೆ ಅಂತಲ್ಲ. ಮ್ಯಾಸಚೂಸೆಟ್ಸಲ್ಲಿ ರೈಲು ಬಸ್ಸು ಇರೋ 177 ಊರುಗಳು ಅಪಾರ್ಟ್‌ಮೆಂಟಿಗೆ ಜಾಗ ಝೋನ್ ಮಾಡಲೇಬೇಕು ಅಂತ 2021ರಲ್ಲಿ ಕಾನೂನಾಯ್ತು, ಮಿಲ್ಟನ್ ಊರಿನ ಜನ 2024ರ ಫೆಬ್ರವರೀಲಿ ವೋಟ್ ಹಾಕಿ ಬೇಡ ಅಂದ್ರು, 2025ರ ಜನವರೀಲಿ ಅಲ್ಲಿನ ದೊಡ್ಡ ಕೋರ್ಟು ಕಾನೂನು ಸರಿಯಾಗೇ ಇದೆ, ಮಾರ್ಗಸೂಚಿ ಹೊರಡಿಸಿದ ಕ್ರಮ ಸರಿಯಿಲ್ಲ, ಮತ್ತೆ ಮಾಡಿ ಅಂತು.

ನಮ್ಮ ಔಟ್‌ಹೌಸು 2023ರಲ್ಲಿ ಮುಗೀತು. ಕಟ್ಟಿದ್ದು 640 ಚದರಡಿ, ಬೇಲಿಯಿಂದ ಸರಿಯಾಗಿ ನಾಲ್ಕಡಿ ಮೂರಿಂಚು, ಆ ಮೂರಿಂಚು ಇನ್‌ಸ್ಪೆಕ್ಟರ್ ಅಳೆಯೋವಾಗ ತೊಂದ್ರೆ ಬೇಡ ಅಂತ ನಮ್ಮ ಮೇಸ್ತ್ರಿ ಬಿಟ್ಟಿದ್ದು. ಓಕ್ ಮರ ಹಂಗೇ ಇದೆ. ಆ ನಾಲ್ಕಡಿ ಪಟ್ಟೀಲಿ ಅಮ್ಮ ದೊಡ್ಡಪತ್ರೆ, ತುಳಸಿ, ಒಂದೆರಡು ಮಲ್ಲಿಗೆ ಬಳ್ಳಿ ಹಾಕಿದಾರೆ. ಅಜ್ಜ ಬೇಲಿಯಾಚೆಯಿಂದ ನೋಡಿ ಟೊಮೆಟೊ ಬುಟ್ಟಿ ದಾಟಿಸ್ತಾರೆ, ಅಮ್ಮ ಮಲ್ಲಿಗೆ ಕೊಡ್ತಾರೆ. ಒಂದಂತಸ್ತಿನ ಮನೆ, ಅವರ ಬಿಸಿಲಿಗೆ ಏನೂ ಆಗ್ಲಿಲ್ಲ ಅಂತ ಅವರೇ ಬಂದು ಹೇಳಿದ್ರು.

ಈಗ ಎಸ್‌ಬಿ 79 ಅನ್ನೋ ಇನ್ನೊಂದು ಕಾನೂನು. 2025ರ ಅಕ್ಟೋಬರಲ್ಲಿ ಸಹಿ ಆಯ್ತು, 2026ರ ಜುಲೈ 1ರಿಂದ ಜಾರಿ. ರೈಲು ಸ್ಟೇಷನ್ನು, ಸ್ವಂತ ಲೇನ್ ಇರೋ ದೊಡ್ಡ ಬಸ್ ಸ್ಟಾಪಿನಿಂದ ಅರ್ಧ ಮೈಲಿಯೊಳಗೆ, ಜಾಗ ನೋಡ್ಕೊಂಡು ಐದರಿಂದ ಒಂಬತ್ತು ಅಂತಸ್ತಿನವರೆಗೂ ಕಟ್ಟೋಕೆ ಬಿಡಬೇಕು, ಅಂಥ ಸ್ಟೇಷನ್ ಜಾಸ್ತಿ ಇರೋ ಎಂಟು ಕೌಂಟಿಗಳಲ್ಲಿ. ಸಹಿ ಆಗೋ ಮುಂಚೆನೇ ಲಾಸ್ ಏಂಜಲೀಸ್ ಕೌನ್ಸಿಲ್ 8–5 ವೋಟಲ್ಲಿ ವಿರೋಧ ಅಂತ ನಿರ್ಣಯ ಮಾಡಿತ್ತು. ಈ ಸಲ ಕಾನೂನಲ್ಲೇ ಒಂದು ಬಾಗಿಲು ಇಟ್ಟಿದಾರೆ, ಒಟ್ಟು ಮನೆಗಳ ಲೆಕ್ಕ ಕಮ್ಮಿ ಆಗದ ಹಾಗೆ ಎಲ್ಲಿ ಎಷ್ಟೆತ್ತರ ಅಂತ ಊರೇ ಬೇರೆ ಪ್ಲಾನ್ ಮಾಡ್ಕೋಬಹುದು. ಆ ಬಾಗಿಲಲ್ಲಿ ಒಳ್ಳೇ ಪ್ಲಾನೂ ಬರಬಹುದು, ಇನ್ನೊಂದು 12 ಅಡಿನೂ ಬರಬಹುದು.

ನಮ್ಮೂರ ಪ್ಲಾನಿಂಗ್ ಕಮಿಷನ್ನಲ್ಲಿ ಈ ಬೇರೆ ಪ್ಲಾನಿನ ಕರಡು ಬಂದಿದೆ, ಸ್ಟೇಷನ್ ಸುತ್ತಲ ಮ್ಯಾಪು ಪ್ರಿಂಟ್ ತೆಗೆದು ಟೇಬಲ್ ಮೇಲೆ ಹಾಸಿದೀನಿ, ಪ್ರತಿ ಬಣ್ಣದ ಪಕ್ಕ ಸೆಟ್‌ಬ್ಯಾಕ್ ಎಷ್ಟಡಿ ಅಂತ ಪೆನ್ಸಿಲಲ್ಲಿ ಬರೀತಿದೀನಿ, ಕೆಲವು ಕಡೆ ಎತ್ತರ ಕೊಟ್ಟು ಪಕ್ಕದಲ್ಲೇ ಅಗಲ ಕಿತ್ಕೊಂಡಿರೋದು ಕಾಣ್ತಿದೆ. ಮೀಟಿಂಗಿಗೆ ಈ ಸಲ ಜೂಮ್ ಬೇಡ, ಎದುರಿಗೇ ಹೋಗ್ತೀನಿ ಅಂದೆ. ಅಮ್ಮನೂ ಬರ್ತಾರಂತೆ. ಮಾತಾಡೋರು ತುಂಬಿಸೋ ಚೀಟಿ ಇರತ್ತಲ್ಲ, ಅದರಲ್ಲಿ ನನ್ನ ಹೆಸರೂ ಬರಿ, ಕನ್ನಡದಲ್ಲಿ ಹೇಳ್ತೀನಿ, ನೀನು ಇಂಗ್ಲಿಷ್ ಮಾಡು ಅಂದಿದಾರೆ. ಎರಡು ನಿಮಿಷಾನೇ ಕೊಡೋದಮ್ಮಾ ಅಂದ್ರೆ, "ಆ ಟೀಚರ್ ಹುಡುಗಿ ಮಾತು ಅರ್ಧಕ್ಕೆ ನಿಂತಿತ್ತಲ್ಲ, ಅಲ್ಲಿಂದ ಶುರು ಮಾಡ್ತೀನಿ" ಅಂದ್ರು.